ಮೈಸೂರಿನ ಶ್ರೀಗಂಧವೂ ಪರದೇಶ ವಾಣಿಜ್ಯವೂ

ರಾಷ್ಟ್ರ ರಾಷ್ಟ್ರಗಳ ಸಂಬಂಧವೆಂದೊಡನೆ ಸಂಧಿವಿಗ್ರಹಗಳೂ ರಾಯಭಾರಿಗಳೂ ನಮ್ಮ ಮನಸ್ಸಿಗೆ ಬರುವುದು ಸಹಜವಾಗಿದೆ. ಆದರೆ ಸಾಮಾನ್ಯ ಜನರ ಬಾಳಿಗೆ ಹೆಚ್ಚಾಗಿ ತಾಕುವ ಸಂಬಂಧಗಳು ಸರಕಿನ ಮೂಲಕ ಏರ್ಪಡತಕ್ಕವು. ಇವಕ್ಕೆ ಸಂಧಿಪತ್ರವೂ ಇಲ್ಲ, ರಾಯಭಾರಿಯೂ ಇಲ್ಲ. ಅವು ಇವೆಯೆಂಬುದು ಕಡಿದುಹೋದಾಗ ಮಾತ್ರವೇ ತಿಳಿಯುತ್ತದೆ. 1914ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಯೂರೋಪಿನಲ್ಲಿ ಮಹಾಯುದ್ಧ ಪ್ರಾರಂಭವಾದಾಗ ಮೈಸೂರಿನ ಜನಕ್ಕೂ ಜರ್ಮನಿಯ ಜನಕ್ಕೂ ತಮ್ಮಷ್ಟಕ್ಕೆ ಯಾವ ಕಲಹವೂ ಇರಲಿಲ್ಲ. ಆದರೂ ಸಂಸ್ಥಾನದ ಗಂಧದ ಕೋಠಿಗಳಲ್ಲಿ ಮರವು ಕೊಳ್ಳುವವರಿಲ್ಲದೆ ನಿಂತುಹೋಯಿತು. ಏಕೆಂದರೆ ಆ ಮರದ ಬಹುಭಾಗವು ಜರ್ಮನಿಗೆ ಹೋಗಿ, ಅಲ್ಲಿ ಎಣ್ಣೆಯಾಗಿ, ಅಲ್ಲಿಂದ ಲೋಕಕ್ಕೆಲ್ಲ ವಿಕ್ರಯವಾಗುತ್ತಿದ್ದಿತು.

ಶ್ರೀಗಂಧವು ಮೈಸೂರಿನಷ್ಟು ಹೇರಳವಾಗಿ ಬೆಳೆಯುವ ಸೀಮೆ ಆ ಕಾಲದಲ್ಲಿ ಮತ್ತೊಂದಿರಲಿಲ್ಲ. ಮರವೆಲ್ಲವೂ ಸರ್ಕಾರದ ಸ್ವತ್ತು. ಹೀಗೆ ಲೋಕಕ್ಕೆ ಬೇಕಾದ ವಸ್ತುವೊಂದರ ಮೇಲೆ ಪೂರ್ಣಾಧಿಕಾರವಿದ್ದರೂ, ಸಂಸ್ಥಾನವು ದೂರದ ಒಂದು ಯುದ್ಧದಿಂದ ಒಮ್ಮೆಗೇ ಅಸಹಾಯವಾದುದೇಕೆ? ಆ ಸ್ಥಿತಿಯಿಂದ ಅದು ಹೇಗೆ ಪಾರಾಯಿತು? ಪಾರಾಗಿಯೂ ಮುಂದಿನ ಕಾಲದಲ್ಲಿ ತನ್ನ ಅಗ್ರಸ್ಥಾನವನ್ನು ಹೇಗೆ ಕಳೆದುಕೊಂಡಿತು? ಈ ಮೂರು ಪ್ರಶ್ನೆಗಳನ್ನು ಪರ್ಯಾಲೋಚಿಸುವುದು ಪ್ರಕೃತ ಲೇಖನದ ಉದ್ದೇಶ. ಏಕಸ್ವಾಮ್ಯವೆಂಬುದು ತನ್ನಷ್ಟಕ್ಕೆ ತಾನೇ ಬಲವಲ್ಲ. ವಸ್ತುವನ್ನು ಬೆಳೆಸುವುದು, ಸಂಸ್ಕರಿಸುವುದು, ಅಳೆಯುವುದು, ಮಾರುವುದು ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಯಾವುದನ್ನು ಬಿಟ್ಟುಕೊಟ್ಟರೂ ಅಲ್ಲಿಂದಲೇ ಅಧಿಕಾರವು ಜಾರಿಹೋಗುತ್ತದೆ ಎಂಬುದು ಈ ವೃತ್ತಾಂತದಿಂದ ತಿಳಿದುಬರುವ ಮುಖ್ಯಾಂಶ.

1. ರಾಜವೃಕ್ಷ

1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನೆಂಬುದು ಪ್ರಸಿದ್ಧವಾಗಿದೆ. ಇದು ಕೇವಲ ಗೌರವಸೂಚಕವಾದ ಹೆಸರಾಗಿರಲಿಲ್ಲ. ಗಂಧ, ಮೆಣಸು, ಏಲಕ್ಕಿ ಇವುಗಳ ವ್ಯಾಪಾರವನ್ನು ಆತನು ರಾಜ್ಯದ ಕೈಗೆ ತೆಗೆದುಕೊಂಡಿದ್ದನು. ಅರಬಸ್ಥಾನದ ಮಸ್ಕತ್ತಿನಲ್ಲಿ ಮೈಸೂರಿನ ಸ್ವಂತ ವ್ಯಾಪಾರದ ಕೋಠಿಯಿದ್ದಿತು. ಸರಕನ್ನು ತನ್ನ ತೀರದಲ್ಲಿಯೇ ಇಂಗ್ಲಿಷ್ ಕಂಪೆನಿಯವರಿಗೆ ಒಪ್ಪಿಸಿಬಿಡದೆ, ಕೊಳ್ಳುವವರ ಬಾಗಿಲಿಗೆ ತಾನೇ ಒಯ್ದು ಮಾರಬೇಕೆಂಬುದು ಈ ವ್ಯವಸ್ಥೆಯ ತಾತ್ಪರ್ಯ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಈ ಎರಡು ಅಂಗಗಳ ಗತಿ ಬೇರೆಬೇರೆಯಾಯಿತು. ಮರದ ಮೇಲಿನ ರಾಜಾಧಿಕಾರವು ಉಳಿಯಿತು. ಪರದೇಶದ ಕೋಠಿಯು ಅಳಿಯಿತು.

1881ರಲ್ಲಿ ರಾಜ್ಯವು ಒಡೆಯರ ಮನೆತನಕ್ಕೆ ಹಿಂದಕ್ಕೆ ಬಂದಾಗ, ಅನ್ಯರಾಜ್ಯಗಳೊಡನೆ ಮೈಸೂರು ನೇರವಾಗಿ ವ್ಯವಹರಿಸಕೂಡದೆಂಬ ನಿಬಂಧನೆಯು ಅದರ ಜೊತೆಯಲ್ಲಿಯೇ ಬಂದಿತು. 1913ರ ಒಪ್ಪಂದವು ಸಂಸ್ಥಾನದ ಮರ್ಯಾದೆಯನ್ನು ಹೆಚ್ಚಿಸಿತಾದರೂ ಈ ನಿಬಂಧನೆಯನ್ನು ಸಡಿಲಿಸಲಿಲ್ಲ. ಸಂಸ್ಥಾನಕ್ಕೆ ತನ್ನದೆಂಬ ಸಮುದ್ರತೀರವೂ ಇರಲಿಲ್ಲ. ಆದುದರಿಂದ ಗಂಧದ ಮರವು ಕೋಠಿಯಲ್ಲಿ ಹರಾಜಾದೊಡನೆ ಸರ್ಕಾರದ ದೃಷ್ಟಿಯಿಂದ ಮರೆಯಾಗುತ್ತಿದ್ದಿತು. ಅದು ಯಾವ ಬಂದರಿನಿಂದ ಹೊರಟಿತು, ಯಾರ ಭಟ್ಟಿಯನ್ನು ಸೇರಿತು, ಯಾವ ಬೆಲೆಗೆ ಎಣ್ಣೆಯಾಗಿ ಮಾರಿತು ಎಂಬುದೆಲ್ಲ ಅನ್ಯರ ವಿಷಯವಾಗಿದ್ದಿತು.

2. ಕೋಠಿಯ ದರ್ಜೆಗಳು

ಗಂಧದ ಮರದಲ್ಲಿ ಪರಿಮಳವಿರುವುದು ಚೇಗಿನಲ್ಲಿ, ಎಂದರೆ ಒಳಗಿನ ಗಟ್ಟಿಯಾದ ತಿರುಳಿನಲ್ಲಿ. ಹೊರಗಣ ಬಿಳಿಯ ಭಾಗಕ್ಕೆ ವಾಸನೆಯಿಲ್ಲ. ಬೇರಿನಲ್ಲಿ ಎಣ್ಣೆಯು ಕಾಂಡಕ್ಕಿಂತ ಅಧಿಕವಾಗಿರುವುದರಿಂದ ಮರವನ್ನು ಕಡಿಯದೆ ಬುಡಸಹಿತ ಕೀಳುವ ಪದ್ಧತಿಯು ಬೆಳೆಯಿತು. ಹಾಗೆ ಕಿತ್ತ ಮರವನ್ನು ಕೋಠಿಗೆ ತಂದು, ಬಿಳಿಯ ಭಾಗವನ್ನು ಕೆತ್ತಿ ತೆಗೆದು, ಹದಿನೆಂಟು ದರ್ಜೆಗಳಾಗಿ ವಿಂಗಡಿಸುತ್ತಿದ್ದರು. ಮೊದಲನೆಯ ದರ್ಜೆಗೆ ‘ವಿಲಾಯತ್ ಬುದ್’ ಎಂದೂ ಎರಡನೆಯದಕ್ಕೆ ‘ಚೀನಾ ಬುದ್’ ಎಂದೂ ಹೆಸರು. ಅನಂತರ ‘ಪಂಜಮ್’ ಮೊದಲಾದ ದರ್ಜೆಗಳು. ಆಮೇಲೆ ಬೇರುಗಳು, ಚೆಕ್ಕೆಗಳು. ಕಟ್ಟಕಡೆಗೆ ಗರಗಸದ ಹೊಟ್ಟು.

ಈ ಹೆಸರುಗಳನ್ನು ಸ್ವಲ್ಪ ಗಮನಿಸಬೇಕು. ಮಲೆನಾಡಿನಲ್ಲಿಯೂ ಮೈದಾನದಲ್ಲಿಯೂ ಬೆಳೆದ ಮರದ ತುಂಡಿಗೆ ವಿಲಾಯತಿಯ ಹೆಸರೂ ಚೀನದ ಹೆಸರೂ ಬಂದುದು, ಕೊಳ್ಳುವವನು ಯಾರೆಂಬುದರಿಂದಲೇ ವಸ್ತುವಿಗೆ ನಾಮಕರಣವಾಗುತ್ತಿದ್ದಿತೆಂಬುದಕ್ಕೆ ಸಾಕ್ಷಿಯಾಗಿದೆ. ಅಂತಾರಾಷ್ಟ್ರೀಯ ವಾಣಿಜ್ಯದ ಇತಿಹಾಸವು ಕೋಠಿಯ ಗುಮಾಸ್ತರ ಮಾತಿನಲ್ಲಿಯೇ ಅಡಗಿದ್ದಿತು.

ಎರಡನೆಯ ಅಂಶವು ಇದಕ್ಕಿಂತ ಮುಖ್ಯವಾದುದು. ಮೇಲಿನ ದರ್ಜೆಗಳನ್ನು ಗೊತ್ತುಮಾಡುತ್ತಿದ್ದುದು ತುಂಡಿನ ತೂಕ, ಗಾತ್ರ, ನೇರತನ, ಬಿರುಕಿಲ್ಲದಿರುವಿಕೆ ಮೊದಲಾದ ಬಾಹ್ಯಲಕ್ಷಣಗಳು. ಕೆತ್ತನೆಯ ಕೆಲಸಕ್ಕೂ ಪೂಜೆಯ ಉಪಯೋಗಕ್ಕೂ ಇವು ಯುಕ್ತವಾದ ಲಕ್ಷಣಗಳೇ ಸರಿ. ಆದರೆ ಎಣ್ಣೆ ತೆಗೆಯುವವನಿಗೆ ತುಂಡು ನೇರವಾಗಿದ್ದರೇನು, ಸೊಟ್ಟಾಗಿದ್ದರೇನು? ಅವನು ಹೇಗಿದ್ದರೂ ಅದನ್ನು ಪುಡಿಮಾಡತಕ್ಕವನು. ಅವನಿಗೆ ಬೇಕಾದುದು ನೂರು ಪೌಂಡು ಮರದಲ್ಲಿ ಎಷ್ಟು ಎಣ್ಣೆಯಿದೆ, ಆ ಎಣ್ಣೆಯಲ್ಲಿ ಸ್ಯಾಂಟಲಾಲ್ ಎಂಬ ಸಾರವು ಎಷ್ಟಿದೆ ಎಂಬ ಲೆಕ್ಕ. ಈ ಲೆಕ್ಕವು ಲೈಪ್‌ಜಿಗ್ ನಗರದ ಬಳಿಯ ಮಿಲ್ಟಿಟ್ಸ್‌ನಲ್ಲಿದ್ದ ಷಿಮ್ಮೆಲ್ ಕಂಪೆನಿಯಂತಹ ಭಟ್ಟಿಯವರ ಪ್ರಯೋಗಶಾಲೆಗಳಲ್ಲಿದ್ದಿತು, ಮೈಸೂರಿನ ಕೋಠಿಯಲ್ಲಿರಲಿಲ್ಲ. ಮಾರುವವನು ಕಣ್ಣಳತೆಯಿಂದ ಮಾರುತ್ತಿದ್ದನು, ಕೊಳ್ಳುವವನು ರಸಾಯನಶಾಸ್ತ್ರದಿಂದ ಕೊಳ್ಳುತ್ತಿದ್ದನು. ಇಂತಹ ವ್ಯವಹಾರದಲ್ಲಿ ಲಾಭವು ಯಾವ ಕಡೆಗೆ ಹರಿಯುವುದೆಂಬುದನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಗಂಧದೆಣ್ಣೆಯನ್ನು ತೆಗೆಯುವ ವಿದ್ಯೆಯೇ ನಮ್ಮವರಿಗೆ ತಿಳಿದಿರಲಿಲ್ಲವೆಂದು ಇದರಿಂದ ಭಾವಿಸಕೂಡದು. ದಕ್ಷಿಣ ಕನ್ನಡದಲ್ಲಿ ಹಂಡೆಗಳಿಂದ ಭಟ್ಟಿ ಇಳಿಸುವ ಪದ್ಧತಿಯಿದ್ದಿತು. ಉತ್ತರದ ಕನೌಜಿನಲ್ಲಿ ಗಂಧದೆಣ್ಣೆಯನ್ನು ಆಧಾರವಾಗಿಟ್ಟುಕೊಂಡು ಅತ್ತರುಗಳನ್ನು ಮಾಡುವ ಕುಶಲಕಲೆಯು ಬಹುಕಾಲದಿಂದ ನಡೆದುಬಂದಿದ್ದಿತು. ಆದರೆ ಆ ಕಾಲದಲ್ಲಿ ಯೂರೋಪು ಅಮೆರಿಕಗಳಲ್ಲಿ ಗಂಧದೆಣ್ಣೆಯು ಸುಗಂಧಕ್ಕೆ ಮಾತ್ರವಲ್ಲದೆ ಮೇಹರೋಗಗಳ ಚಿಕಿತ್ಸೆಗೂ ಉಪಯೋಗವಾಗುತ್ತಿದ್ದಿತು. ಔಷಧವೆಂದು ಮಾರಬೇಕಾದರೆ ಪ್ರತಿಯೊಂದು ಸೀಸೆಯೂ ಔಷಧಸಂಹಿತೆಯಲ್ಲಿ ಹೇಳಿದ ಪ್ರಮಾಣಕ್ಕೆ ಸರಿಹೊಂದಬೇಕು. ಈ ಏಕರೂಪತೆಯು ಹಂಡೆಯ ಭಟ್ಟಿಯಿಂದ ಸಾಧ್ಯವಿರಲಿಲ್ಲ.

3. ಯುದ್ಧಕಾಲದ ಪ್ರಯತ್ನ

1914ರಲ್ಲಿ ಕೊಳ್ಳುವವರು ಮರೆಯಾದಾಗ ಸಂಸ್ಥಾನದ ಮುಂದೆ ಎರಡು ದಾರಿಗಳಿದ್ದುವು. ಯುದ್ಧವು ಮುಗಿಯುವವರೆಗೆ ಮರವನ್ನು ಕೋಠಿಯಲ್ಲಿಟ್ಟುಕೊಂಡು ಕಾಯುವುದು ಒಂದು; ಕೊಳ್ಳುವವನ ಕೆಲಸವನ್ನು ತಾನೇ ಕೈಕೊಳ್ಳುವುದು ಇನ್ನೊಂದು. ಆಗ ನಾಲ್ವಡಿ ಕೃಷ್ಣರಾಜ ಒಡೆಯರವರು ಮಹಾರಾಜರಾಗಿಯೂ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿಯೂ ಇದ್ದರು. ಕೈಗಾರಿಕೆಯ ಇಲಾಖೆಯು ಆಲ್‌ಫ್ರೆಡ್ ಚಾಟರ್ಟನ್‌ರವರ ಕೈಯಲ್ಲಿದ್ದಿತು. ಎರಡನೆಯ ದಾರಿಯನ್ನು ಹಿಡಿಯಲು ಬೇಕಾದ ಸಾಧನವೊಂದು ಅದೃಷ್ಟವಶಾತ್ ಸಮೀಪದಲ್ಲಿಯೇ ಇದ್ದಿತು. 1909ರಲ್ಲಿ ಸ್ಥಾಪನೆಯಾಗಿ 1911ರಿಂದ ಪಾಠಪ್ರವಚನಗಳನ್ನಾರಂಭಿಸಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನಮಂದಿರವೇ ಅದು. ಅದಕ್ಕೆ ನಿವೇಶನವನ್ನು ದಾನಮಾಡಿದವರು ಮೈಸೂರಿನವರೇ. ಅಲ್ಲಿನ ಪ್ರೊಫೆಸರುಗಳಾದ ಸಡ್‌ಬರೊ ಮತ್ತು ವಾಟ್ಸನ್ ಇವರು ಗಂಧದ ಮರದಿಂದ ಎಣ್ಣೆಯನ್ನು ಇಳಿಸುವ ಕ್ರಮವನ್ನು ಪ್ರಯೋಗಗಳಿಂದ ಪರೀಕ್ಷಿಸಿದರು.

ಕ್ರಮವು ಹೇಳುವುದಕ್ಕೆ ಸುಲಭವಾದುದು. ಚೇಗನ್ನೂ ಬೇರನ್ನೂ ಚೆಕ್ಕೆಗಳಾಗಿ ಸೀಳಿ ಪುಡಿಮಾಡಿ ದೊಡ್ಡ ಕಡಾಯಿಗಳಲ್ಲಿ ತುಂಬುತ್ತಾರೆ. ಅದರೊಳಗೆ ನೀರಿನ ಆವಿಯನ್ನು ಹಾಯಿಸುತ್ತಾರೆ. ಆವಿಯು ಎಣ್ಣೆಯನ್ನು ಎತ್ತಿಕೊಂಡು ಬಂದು, ತಣ್ಣೀರಿನಿಂದ ತಂಪುಗೊಳಿಸಿದ ಕೊಳವೆಗಳಲ್ಲಿ ನೀರಾಗುತ್ತದೆ. ನೀರೂ ಎಣ್ಣೆಯೂ ಬೇರೆಯಾಗುತ್ತವೆ. ಆದರೆ ಗಂಧದೆಣ್ಣೆಯು ಬೇಗನೆ ಆವಿಯಾಗುವ ಸ್ವಭಾವದ್ದಲ್ಲ. ಒಂದು ಕಡಾಯಿಯನ್ನು ದಿನಗಟ್ಟಲೆ ನಡೆಸಬೇಕು. ಆತುರಪಟ್ಟರೆ ಮೊದಲು ಬರುವ ಲಘುವಾದ ಅಂಶವು ಮಾತ್ರ ದೊರೆತು, ಬೆಲೆಯುಳ್ಳ ಸ್ಯಾಂಟಲಾಲು ಪುಡಿಯಲ್ಲಿಯೇ ಉಳಿಯುತ್ತದೆ. ಅತಿಯಾಗಿ ಕಾಯಿಸಿದರೆ ಎಣ್ಣೆಗೆ ಸೀದ ವಾಸನೆ ಬರುತ್ತದೆ. ಪುಡಿಯ ನಯ, ಆವಿಯ ಒತ್ತಡ, ಕಾಲದ ಅವಧಿ ಈ ಮೂರನ್ನೂ ಹದವರಿತು ಹೊಂದಿಸುವುದೇ ವಿದ್ಯೆಯ ಮರ್ಮ.

1916ರಲ್ಲಿ ಬೆಂಗಳೂರಿನ ಕಾರ್ಖಾನೆಯಲ್ಲಿ ಎಣ್ಣೆಯು ಇಳಿಯಿತು. 1917ರಲ್ಲಿ ಮೈಸೂರು ನಗರದಲ್ಲಿ ಇನ್ನೊಂದು ಕಾರ್ಖಾನೆ ಸಿದ್ಧವಾಯಿತು. ನಗರದ ದಕ್ಷಿಣಕ್ಕೆ ಮಾನಂದವಾಡಿ ರಸ್ತೆಯಲ್ಲಿ ಅದನ್ನು ಇಂದಿಗೂ ಕಾಣಬಹುದು. 1918ರಲ್ಲಿ ಗಂಧದೆಣ್ಣೆಯನ್ನು ಬೆರೆಸಿದ ಸೋಪು ಬೆಂಗಳೂರಿನ ಸರ್ಕಾರಿ ಕಾರ್ಖಾನೆಯಿಂದ ಹೊರಬಿದ್ದಿತು; ಲಂಡನ್ನಿನಲ್ಲಿ ಸೋಪಿನ ಶಾಸ್ತ್ರವನ್ನು ಕಲಿತು ಬಂದ ಎಸ್. ಜಿ. ಶಾಸ್ತ್ರಿಗಳು ಅದಕ್ಕೆ ರೂಪಕೊಟ್ಟರು. 1944ರಲ್ಲಿ ಶಿವಮೊಗ್ಗದಲ್ಲಿಯೂ ಎಣ್ಣೆಯ ಕಾರ್ಖಾನೆಯೊಂದು ಏರ್ಪಟ್ಟಿತು.

ಈ ಕಾರ್ಖಾನೆಗಳನ್ನು ಏಕಾಂಗಿಯಾದ ಪ್ರಯತ್ನವೆಂದು ಎಣಿಸಬಾರದು. 1911ರಲ್ಲಿ ಮೈಸೂರು ಎಕನಾಮಿಕ್ ಕಾನ್ಫರೆನ್ಸು, 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ವಾಣಿಜ್ಯಮಂಡಲಿಯೂ ಹುಟ್ಟಿದುವು. ಸಮುದ್ರಕ್ಕೆ ದಾರಿಯಾಗಿ ಭಟ್ಕಳದಲ್ಲಿ ಬಂದರೊಂದು ಬೇಕೆಂದು ದಿವಾನರು ಒತ್ತಿಹೇಳಿದುದೂ ಇದೇ ಕಾಲದಲ್ಲಿ. ಅದು ಮಾತ್ರ ಕೈಗೂಡಲಿಲ್ಲ. ಹಣ, ವಿದ್ಯೆ, ವರ್ತಕರ ಸಂಘಟನೆ, ಸಾಗಣೆ ಇವು ಒಂದರಿಂದೊಂದು ಪೋಷಣೆ ಪಡೆಯದೆ ಒಂದು ಕಾರ್ಖಾನೆಯ ಚಿಮಣಿಯಿಂದ ಮಾತ್ರವೇ ವಾಣಿಜ್ಯವು ಬೆಳೆಯುವುದಿಲ್ಲವೆಂಬುದನ್ನು ಅಂದಿನವರು ಅರಿತಿದ್ದರು.

4. ಗಳಿಸಿದ್ದೂ ಗಳಿಸಲಾಗದ್ದೂ

ಯುದ್ಧವು ಮುಗಿದ ಮೇಲೆ ಹಿಂದಿನ ವ್ಯವಸ್ಥೆಯು ಹಿಂದಿನಂತೆಯೇ ಮರಳಲಿಲ್ಲ. ‘ಮೈಸೂರು ಗಂಧದೆಣ್ಣೆ’ ಎಂಬ ಹೆಸರು ಲಂಡನ್, ನ್ಯೂಯಾರ್ಕ್ ಮೊದಲಾದ ಪೇಟೆಗಳಲ್ಲಿ ಗುಣದ ಪ್ರಮಾಣವಾಗಿ ನಿಂತಿತು. ಅನ್ಯರಾಜ್ಯಗಳಿಗೆ ರಾಯಭಾರಿಯನ್ನು ಕಳುಹಿಸುವ ಅಧಿಕಾರವಿಲ್ಲದ ಸಂಸ್ಥಾನವು ಲಂಡನ್ನಿನಲ್ಲಿ ವಾಣಿಜ್ಯ ಕಮಿಷನರೊಬ್ಬರನ್ನು ಇರಿಸಿಕೊಂಡಿತು. ಹಿಂದೆ ಮಸ್ಕತ್ತಿನ ಕೋಠಿಯಿಂದ ಸಾಧಿಸಬೇಕೆಂದಿದ್ದ ಉದ್ದೇಶವು ಬೇರೊಂದು ರೂಪದಿಂದ ಸ್ವಲ್ಪಮಟ್ಟಿಗೆ ಕೈಗೂಡಿತೆನ್ನಬಹುದು.

ಆದರೆ ಈ ಜಯಕ್ಕೆ ಮಿತಿಗಳಿದ್ದುವು. ಕೈಗಾರಿಕೆಯಲ್ಲಿ ಮುಂದುವರಿದ ದೇಶಗಳು ಕಚ್ಚಾವಸ್ತುವನ್ನು ಸುಂಕವಿಲ್ಲದೆ ಅಥವಾ ಅಲ್ಪಸುಂಕದಿಂದ ಒಳಕ್ಕೆ ಬಿಟ್ಟು, ಸಿದ್ಧವಸ್ತುವಿನ ಮೇಲೆ ಹೆಚ್ಚು ಸುಂಕವನ್ನು ಹಾಕುವುದು ಲೋಕದ ಸಾಮಾನ್ಯ ಪದ್ಧತಿ. ಇದರಿಂದ ಸಂಸ್ಕರಣದ ಕೆಲಸವು ತಮ್ಮಲ್ಲಿಯೇ ನಿಲ್ಲುತ್ತದೆಂಬುದು ಅವರ ಲೆಕ್ಕ. ಮುಂದಿನ ದಶಕಗಳಲ್ಲಿಯೂ ಮೈಸೂರಿನ ಮರದ ಒಂದು ಭಾಗವು ಮರವಾಗಿಯೇ ಅಮೆರಿಕಕ್ಕೆ ಹೋಗಿ, ನ್ಯೂಜೆರ್ಸಿ ಪ್ರಾಂತದ ಲಿಂಡನ್ ಪಟ್ಟಣದಲ್ಲಿ ಡಬ್ಲ್ಯು. ಜೆ. ಬುಷ್ ಕಂಪೆನಿಯ ಭಟ್ಟಿಗಳಲ್ಲಿ ಎಣ್ಣೆಯಾಯಿತು. ಕೊಳ್ಳುವವನ ದೇಶದ ಕಾನೂನು ಮಾರುವವನ ಕಾರ್ಖಾನೆಯ ಗೋಡೆಯವರೆಗೂ ಬಂದು ನಿಲ್ಲಬಲ್ಲುದು.

ಇನ್ನೊಂದು ಮಿತಿಯು ವಿಜ್ಞಾನದ ಕಡೆಯಿಂದ ಬಂದಿತು. 1930ರ ದಶಕದಲ್ಲಿ ಸಲ್ಫಾ ಔಷಧಗಳೂ 1940ರ ದಶಕದಲ್ಲಿ ಪೆನಿಸಿಲಿನ್ನೂ ಬಳಕೆಗೆ ಬಂದು, ಔಷಧವಾಗಿ ಗಂಧದೆಣ್ಣೆಗಿದ್ದ ಬೇಡಿಕೆಯು ಇಳಿದುಹೋಯಿತು. ಮೈಸೂರಿನಲ್ಲಿ ಯಾರ ತಪ್ಪೂ ಇಲ್ಲದೆ ಒಂದು ಪೇಟೆಯೇ ಮುಚ್ಚಿತು. ಸುಗಂಧದ್ರವ್ಯದ ಪೇಟೆಯು ತೆರೆದಿದ್ದುದರಿಂದ ವ್ಯಾಪಾರವು ಉಳಿಯಿತು. ಒಂದೇ ಉಪಯೋಗವನ್ನು ನಂಬಿದ ವಸ್ತುವಿಗೂ ಹಲವು ಉಪಯೋಗಗಳುಳ್ಳ ವಸ್ತುವಿಗೂ ಇರುವ ಅಂತರವು ಇಲ್ಲಿ ಸ್ಪಷ್ಟವಾಗುತ್ತದೆ.

5. ಮರೆತ ಮೆಟ್ಟಿಲು

ಸಂಸ್ಕರಣ, ಅಳತೆ, ಮಾರಾಟ ಈ ಮೂರು ಮೆಟ್ಟಿಲುಗಳ ಮೇಲೆ ಮೈಸೂರು ಕಾಲೂರಿದ ಬಗೆಯನ್ನು ಇದುವರೆಗೆ ನೋಡಿದೆವು. ಉಳಿದುದು ಎಲ್ಲಕ್ಕೂ ಕೆಳಗಿನ ಮೆಟ್ಟಿಲು, ಎಂದರೆ ಮರವನ್ನು ಬೆಳೆಸುವುದು. ಅದರ ವಿಷಯದಲ್ಲಿ ಏಕಸ್ವಾಮ್ಯವೇ ವೈರಿಯಾಯಿತು.

ಗಂಧದ ಮರದ ವ್ಯಾಪಾರವು ಇತರ ದೇಶಗಳಲ್ಲಿ ಹೇಗೆ ಮುಗಿಯಿತೆಂಬುದನ್ನು ಇಲ್ಲಿ ನೆನೆಯುವುದು ಅಪ್ರಾಸಂಗಿಕವಾಗಲಾರದು. ಶಾಂತಸಾಗರದ ಹವಾಯಿ ದ್ವೀಪಗಳಲ್ಲಿ ಮೊದಲನೆಯ ಕಮೆಹಮೆಹಾ ಅರಸನು ಗಂಧವನ್ನು ತನ್ನ ಸ್ವಂತ ಸ್ವತ್ತಾಗಿಟ್ಟುಕೊಂಡು ಚೀನಕ್ಕೆ ಮಾರಿಸುತ್ತಿದ್ದನು. 1819ರಲ್ಲಿ ಅವನು ತೀರಿಕೊಂಡ ಮೇಲೆ ನಾಯಕರು ಅಮೆರಿಕದ ವರ್ತಕರಿಂದ ಸಾಲಕ್ಕೆ ಸರಕನ್ನು ಕೊಂಡು, ಮರದಿಂದ ತೀರಿಸುವುದಾಗಿ ಒಪ್ಪಿಕೊಂಡರು. ಸಾಲವು ಬೆಳೆಯಿತು. 1826ರಲ್ಲಿ ಅಮೆರಿಕದ ಯುದ್ಧನೌಕೆಗಳು ಬಂದು ನಿಂತುವು. ಪ್ರತಿಯೊಬ್ಬ ಶಕ್ತನಾದ ಗಂಡಸೂ ಅರ್ಧ ಪಿಕಲ್, ಎಂದರೆ ಸುಮಾರು 30 ಕಿಲೋಗ್ರಾಂ ಗಂಧವನ್ನಾಗಲಿ ಅದರ ಬದಲು ನಾಲ್ಕು ಡಾಲರುಗಳನ್ನಾಗಲಿ ಒಪ್ಪಿಸಬೇಕೆಂದು ಕಟ್ಟಳೆಯಾಯಿತು. ಕೆಲವು ವರ್ಷಗಳೊಳಗೆ ವ್ಯಾಪಾರಕ್ಕೆ ಒದಗುವಷ್ಟು ಮರವೇ ಅಲ್ಲಿ ಉಳಿಯಲಿಲ್ಲ.

ಮೈಸೂರಿಗೆ ಇಂತಹ ದುರವಸ್ಥೆಯು ಬರಲಿಲ್ಲ. ಸರ್ಕಾರದ ಕಾವಲಿನಿಂದ ಮರವು ಒಂದೂವರೆ ಶತಮಾನದವರೆಗೆ ಆದಾಯವನ್ನು ಕೊಟ್ಟಿತು. ಆದರೆ ಆ ಕಾವಲಿಗೂ ಒಂದು ಬೆಲೆಯಿದ್ದಿತು. ರೈತನ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡವೂ ಸರ್ಕಾರದ್ದೇ. ಅದನ್ನು ಕಾಪಾಡುವ ಹೊಣೆ ರೈತನದು. ಕಡಿದರೆ ಅವನು ಅಪರಾಧಿ, ಕಳ್ಳರು ಕಡಿದರೂ ಉತ್ತರ ಹೇಳಬೇಕಾದವನು ಅವನೇ. ಸರ್ಕಾರವು ಸ್ವಲ್ಪ ಪ್ರತಿಫಲವನ್ನು ಕೊಡುತ್ತಿದ್ದುದು ನಿಜವಾದರೂ, ಭಯಕ್ಕೆ ಹೋಲಿಸಿದರೆ ಅದು ಅಲ್ಪ. ಇಂತಹ ಗಿಡವು ಮೊಳೆತುದನ್ನು ಕಂಡ ರೈತನು ಅದಕ್ಕೆ ನೀರೆರೆಯುವನೆಂದು ನಿರೀಕ್ಷಿಸುವುದು ಮನುಷ್ಯಸ್ವಭಾವಕ್ಕೆ ವಿರುದ್ಧವಾದುದು.

ಮರದ ಸ್ವಭಾವವೂ ಕಷ್ಟವನ್ನು ಹೆಚ್ಚಿಸಿತು. ಶ್ರೀಗಂಧವು ಅರೆಪರಾವಲಂಬಿ; ತನ್ನ ಬೇರುಗಳನ್ನು ನೆರೆಯ ಗಿಡಗಳ ಬೇರುಗಳಿಗೆ ಅಂಟಿಸಿ ನೀರನ್ನೂ ಲವಣಗಳನ್ನೂ ಹೀರುತ್ತದೆ. ಒಂಟಿಯಾಗಿ ನೆಟ್ಟರೆ ಸೊರಗುತ್ತದೆ. ಚೇಗು ಬಲಿಯುವುದಕ್ಕೆ ದಶಕಗಳು ಬೇಕು. 1899ರಲ್ಲಿ ಕೊಡಗಿನಲ್ಲಿ ಕಂಡುಬಂದ ‘ಸ್ಪೈಕ್’ ಎಂಬ ರೋಗವು ಎಲೆಗಳನ್ನು ಕಿರಿದಾಗಿಸಿ ಮುಳ್ಳಿನಂತೆ ನಿಲ್ಲಿಸಿ, ಮೈಸೂರಿನ ಕಾಡುಗಳಿಗೂ ಹರಡಿ ಅಸಂಖ್ಯಾತ ಮರಗಳನ್ನು ಕೊಂದಿತು. ಬೆಲೆಯೇರಿದಂತೆ ಕಳ್ಳಸಾಗಣೆಯೂ ಏರಿತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಭಾರತದಿಂದ ವರ್ಷಕ್ಕೆ ಸುಮಾರು 4000 ಟನ್ನು ಚೇಗು ದೊರೆಯುತ್ತಿದ್ದಿತೆಂದೂ, ಶತಮಾನದ ಕೊನೆಯ ಹೊತ್ತಿಗೆ ಅದು ಸುಮಾರು 500 ಟನ್ನಿಗೆ ಇಳಿಯಿತೆಂದೂ ಸಾಮಾನ್ಯವಾಗಿ ಅಂದಾಜು ಮಾಡಲಾಗಿದೆ. 1998ರಲ್ಲಿ ಲೋಕದ ಪ್ರಕೃತಿ ಸಂರಕ್ಷಣ ಸಂಘವು ಶ್ರೀಗಂಧವನ್ನು ಅಪಾಯಕ್ಕೊಳಗಾದ ಜಾತಿಗಳ ಪಟ್ಟಿಯಲ್ಲಿ ಸೇರಿಸಿತು.

6. ಹೊಸ ಸ್ಪರ್ಧಿಗಳು

ತೆರವಾದ ಸ್ಥಾನವನ್ನು ವಾಣಿಜ್ಯವು ಬಹುಕಾಲ ತೆರವಾಗಿರಗೊಡುವುದಿಲ್ಲ. 1980ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯದ ಕುನುನುರ ಎಂಬಲ್ಲಿ, ಆರ್ಡ್ ನದಿಯ ನೀರಾವರಿಯ ಬಯಲಿನಲ್ಲಿ, ಭಾರತದ ಶ್ರೀಗಂಧವನ್ನು ಬೆಳೆಸುವ ಪ್ರಯೋಗಗಳು ನಡೆದುವು. ಆಸರೆಯ ಗಿಡಗಳನ್ನು ಸಾಲಾಗಿ ನೆಟ್ಟು, ಅವುಗಳ ಮಧ್ಯೆ ಗಂಧವನ್ನು ಬೆಳೆಸಿ, ಹದಿನೈದು ವರ್ಷಗಳ ಆಸುಪಾಸಿನಲ್ಲಿಯೇ ಕೊಯ್ಲಿಗೆ ತರುವ ಕ್ರಮವು ರೂಢಿಗೆ ಬಂದು, 1990ರ ದಶಕದ ಕೊನೆಯಿಂದ ಕಂಪೆನಿಗಳು ದೊಡ್ಡ ತೋಪುಗಳನ್ನು ಹಾಕಿದುವು. ಆ ವ್ಯಾಪಾರವೂ ನಿಷ್ಕಂಟಕವಾಗಿರಲಿಲ್ಲ. ಅವುಗಳಲ್ಲಿ ಪ್ರಮುಖವಾದ ಕ್ವಿಂಟಿಸ್ ಕಂಪೆನಿಯು 2018ರಲ್ಲಿ ಸಾಲಗಾರರ ಆಡಳಿತಕ್ಕೆ ಒಳಗಾಯಿತು. ಆದರೂ ಮರಗಳು ನೆಲದಲ್ಲಿ ನಿಂತಿದ್ದುವು.

ಇತ್ತ ರಸಾಯನಶಾಸ್ತ್ರವು ಗಂಧದ ಪರಿಮಳವನ್ನು ಹೋಲುವ ಕೃತಕ ದ್ರವ್ಯಗಳನ್ನು ಒದಗಿಸಿತು. 2020ರಲ್ಲಿ ಜರ್ಮನಿಯ ಬಾಸ್ಫ್ ಕಂಪೆನಿಯು ಮುಸುಕಿನ ಜೋಳದ ಪಿಷ್ಟವನ್ನು ಹುದುಗೆಬ್ಬಿಸಿ ತೆಗೆದ ಸ್ಯಾಂಟಲಾಲನ್ನು ಪೇಟೆಗೆ ತಂದಿತು. 1914ಕ್ಕೆ ಮುಂಚೆ ಜರ್ಮನಿಗೆ ಮೈಸೂರಿನ ಮರವಾದರೂ ಬೇಕಾಗಿದ್ದಿತು; ಈಗ ಅದೂ ಬೇಡವಾಗುವ ದಾರಿಯೊಂದು ತೆರೆದಿದೆ.

ಕರ್ಣಾಟಕದಲ್ಲಿ ಇದಕ್ಕೆ ಪ್ರತಿಕ್ರಿಯೆಯಿಲ್ಲದೆ ಹೋಗಲಿಲ್ಲ. 1980ರಲ್ಲಿ ಸೋಪಿನ ಮತ್ತು ಎಣ್ಣೆಯ ಕಾರ್ಖಾನೆಗಳು ಒಂದೇ ಸರ್ಕಾರಿ ಕಂಪೆನಿಯ ಆಡಳಿತಕ್ಕೆ ಬಂದುವು. 2001ರ ಅರಣ್ಯಕಾಯಿದೆಯ ತಿದ್ದುಪಡಿಯಿಂದ, ತನ್ನ ಭೂಮಿಯಲ್ಲಿ ಬೆಳೆದ ಗಂಧಕ್ಕೆ ರೈತನೇ ಒಡೆಯನೆಂದಾಯಿತು. ಸಾಗಣೆಗೂ ಮಾರಾಟಕ್ಕೂ ನಿಬಂಧನೆಗಳು ಉಳಿದುವು. ಟಿಪ್ಪುವಿನ ಕಾಲದ ನಿಯಮವು ಹೀಗೆ ಇನ್ನೂರು ವರ್ಷಗಳ ಮೇಲೆ ಸಡಿಲವಾಯಿತು. 2005–06ರಲ್ಲಿ ಮೈಸೂರಿನ ಗಂಧದೆಣ್ಣೆಗೂ ಗಂಧದ ಸೋಪಿಗೂ ಭೌಗೋಳಿಕ ಸೂಚಕವೆಂಬ ಕಾನೂನಿನ ರಕ್ಷಣೆ ದೊರೆಯಿತು. ಅನ್ಯಸ್ಥಳದ ಸರಕನ್ನು ಆ ಹೆಸರಿನಿಂದ ಮಾರಕೂಡದೆಂಬುದು ಇದರ ಫಲ.

ಹೆಸರಿನ ರಕ್ಷಣೆಯು ಒಳ್ಳೆಯದೇ. ಆದರೆ ಅದರ ಮಿತಿಯನ್ನು ತಿಳಿದಿರಬೇಕು. ಕಾನೂನು ಹೆಸರನ್ನು ಕಾಯಬಲ್ಲುದು, ಮರವನ್ನು ಬೆಳೆಸಲಾರದು. ವಿಲಾಯತ್ ಬುದ್ ಎಂಬ ಹೆಸರು ಇದ್ದ ಕಾಲದಲ್ಲಿ ಮರವು ನಮ್ಮದು, ಹೆಸರು ಅನ್ಯರದು. ಇನ್ನು ಮುಂದೆ ಹೆಸರು ಮಾತ್ರ ನಮ್ಮದಾಗಿ ಮರವು ಅನ್ಯರದಾದರೆ, 1914ರಲ್ಲಿದ್ದ ಪರಾಧೀನತೆಯು ವಿಪರ್ಯಸ್ತವಾದ ರೂಪದಲ್ಲಿ ಹಿಂದಿರುಗಿದಂತಾಗುವುದು.

1914ರ ಸಂಕಟದಲ್ಲಿ ಮೈಸೂರನ್ನು ಕಾಪಾಡಿದುದು ಮರದ ಮೇಲಿನ ಅಧಿಕಾರವಲ್ಲ. ತನ್ನ ವಸ್ತುವಿನ ವಿಷಯದಲ್ಲಿ ಕೊಳ್ಳುವವನಿಗಿಂತ ಹೆಚ್ಚಾಗಿ ತಾನೇ ತಿಳಿಯಬೇಕೆಂಬ ನಿಶ್ಚಯ, ಮತ್ತು ಆ ತಿಳಿವಳಿಕೆಯನ್ನು ಎರಡು ಮೂರು ವರ್ಷಗಳೊಳಗೆ ಪ್ರಯೋಗಶಾಲೆಯಿಂದ ಕಾರ್ಖಾನೆಗೆ ಸಾಗಿಸಿದ ದಕ್ಷತೆ. ಆಗ ವಿಜ್ಞಾನವು ಭಟ್ಟಿಯ ಬಳಿಗೆ ಹೋಗಬೇಕಾಗಿದ್ದಿತು. ಈಗ ಅದು ರೈತನ ಬದುವಿಗೆ ಹೋಗಬೇಕಾಗಿದೆ. ರೋಗವನ್ನು ತಡೆಯುವ ತಳಿ, ಆಸರೆಗೆ ಒಗ್ಗುವ ಗಿಡ, ಕಾವಲಿನ ಏರ್ಪಾಡು, ಮುಖ್ಯವಾಗಿ ಬೆಳೆದವನು ಅಂಜದೆ ಮಾರಬಲ್ಲ ಪೇಟೆ, ಇವುಗಳನ್ನು ಒದಗಿಸಿದರೆ ಮಾನಂದವಾಡಿ ರಸ್ತೆಯ ಕಡಾಯಿಗಳಿಗೆ ಮರವು ಈ ನಾಡಿನಿಂದಲೇ ಬಂದೀತು.